ವರ್ಸೈಲ್ಸ್‌ನ ರುಜು, ಮಂಗಳೂರಿನ ಮಳೆ

ಕೇಳುಗರಿಗೆ ನಮಸ್ಕಾರ.

ಮಂಗಳೂರಿನ ಬೋಳೂರಿನಲ್ಲಿರುವ ಸುಲ್ತಾನ್ ಬತ್ತೇರಿ ನೋಡಿದ್ದೀರಲ್ವಾ? ಕಪ್ಪು ಕಲ್ಲಿನ ಕಾವಲು ಗೋಪುರ. ಮೆಟ್ಟಿಲು ಹತ್ತಿದರೆ ಕೆಳಗೆ ಗುರುಪುರ ಹೊಳೆ, ಆಚೆ ದಡದಲ್ಲಿ ತಣ್ಣೀರುಬಾವಿ. ಗೋಡೆಯಲ್ಲಿ ಕೋವಿ ಇಡಲು ಕಿಂಡಿಗಳು. ಒಂದರಲ್ಲಿ ಕಣ್ಣಿಟ್ಟು ನೋಡಿ, ಅಂಗೈಯಗಲ ನೀರು ಕಾಣುತ್ತದೆ. ಈಗ ಅಲ್ಲಿ ದೋಣಿ ದಾಟಿ ಹೋಗುತ್ತದೆ. ಯುದ್ಧದ ಹಡಗು ಹೊಳೆಯೊಳಗೆ ನುಗ್ಗಬಾರದು ಅಂತ ಟಿಪ್ಪು 1784ರಲ್ಲಿ ಇದನ್ನು ಕಟ್ಟಿಸಿದ.

ನಾನು ಹೇಳಹೊರಟದ್ದು ಅದರ ಹಿಂದಿನ ವರ್ಷದ ಕತೆ. ಅದನ್ನು ಅಮೆರಿಕದಿಂದ ಶುರು ಮಾಡಬೇಕು. ನಗಬೇಡಿ, ನಿಜವಾಗಿಯೂ ಅಲ್ಲಿಂದಲೇ.

ಅಲ್ಲಿನವರು ಇಂಗ್ಲೆಂಡಿನ ವಿರುದ್ಧ ಎದ್ದಿದ್ದರು. 1778ರಲ್ಲಿ ಫ್ರಾನ್ಸ್ ಅವರ ಪಕ್ಷ ವಹಿಸಿತು. ಅಮೆರಿಕದವರ ಮೇಲಿನ ಪ್ರೀತಿಗಿಂತ ಇಂಗ್ಲೆಂಡಿನ ಮೇಲಿನ ಹಳೇ ಸಿಟ್ಟೇ ಜಾಸ್ತಿ. ಆ ಜಗಳ ಇಲ್ಲಿಗೂ ಬಂತು. 1779ರಲ್ಲಿ ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಯವರು ಫ್ರೆಂಚರ ಮಾಹೆ ಬಂದರು ಹಿಡಿದರು. ಹೈದರ್ ಅಲಿಗೆ ಫ್ರೆಂಚರ ಮದ್ದುಗುಂಡು ಬರುತ್ತಿದ್ದ ದಾರಿ ಅದು. ಮರುವರ್ಷ ಹೈದರ್ ಯುದ್ಧಕ್ಕಿಳಿದ. ಫ್ರೆಂಚರು ಜೊತೆಗೆ ಬಂದರು.

1782ರ ಕೊನೆಗೆ ಹೈದರ್ ತೀರಿಕೊಂಡ. ಮಂಗಳೂರು ಕೋಟೆ ಕಂಪನಿಯ ಕೈಗೆ ಹೋಯಿತು. 1783ರ ಮೇ ತಿಂಗಳಲ್ಲಿ ಟಿಪ್ಪು ಬಂದು ಮುತ್ತಿಗೆ ಹಾಕಿದ. ಒಳಗೆ ಕರ್ನಲ್ ಕ್ಯಾಂಪ್‌ಬೆಲ್‌ನ ದಂಡು. ಹೊರಗೆ ಟಿಪ್ಪುವಿನ ಸೈನ್ಯ, ಅದರ ಮಗ್ಗುಲಲ್ಲೇ ಫ್ರೆಂಚ್ ಸಿಪಾಯಿಗಳು. ಮೇಲಿಂದ ಮಳೆ. ನಮ್ಮ ಊರಿನ ಮಳೆ ನಿಮಗೆ ಹೇಳಬೇಕಾ?

ಜುಲೈಯಲ್ಲಿ, ತುಳುವರ ಆಟಿ ತಿಂಗಳ ಹೊತ್ತಿಗೆ, ಒಂದು ಸುದ್ದಿ ಬಂತು. ಫ್ರಾನ್ಸಿನ ವರ್ಸೈಲ್ಸ್‌ನಲ್ಲಿ ಇಂಗ್ಲೆಂಡ್‌, ಫ್ರಾನ್ಸ್ ಜನವರಿಯಲ್ಲೇ ರಾಜಿಗೆ ರುಜು ಹಾಕಿಯಾಗಿತ್ತು. ಅದು ಇಲ್ಲಿಗೆ ಮುಟ್ಟಲು ಆರು ತಿಂಗಳು. ಅಷ್ಟು ದಿನ ಇಲ್ಲಿ ಸತ್ತವರು ಸುಮ್ನೆ ಸತ್ತರು. ಸುದ್ದಿ ತಿಳಿದದ್ದೇ ಫ್ರೆಂಚರು ಕಾದುವುದನ್ನು ಬಿಟ್ಟರು. ಟಿಪ್ಪು ಕಿಡಿಕಿಡಿಯಾದ. ಆಗದೆ ಇರುತ್ತಾನಾ? ರುಜು ಹಾಕುವಾಗ ಅವನನ್ನು ಯಾರೂ ಕೇಳಿರಲಿಲ್ಲ.

ದೂರದ ಯುದ್ಧಕ್ಕೆ ಬರುವವರು ಅವರ ಮನೆಯ ಲೆಕ್ಕ ಹಿಡಿದು ಬರುತ್ತಾರೆ, ಅದೇ ಲೆಕ್ಕ ನೋಡಿ ಎದ್ದು ಹೋಗುತ್ತಾರೆ. 2020ರಲ್ಲಿ ದೋಹಾದಲ್ಲಿ ಅಮೆರಿಕ ರುಜು ಹಾಕಿದ್ದು ತಾಲಿಬಾನಿನ ಜೊತೆ. ಹದಿನೆಂಟು ವರ್ಷ ತಾನೇ ನಿಲ್ಲಿಸಿದ್ದ ಕಾಬೂಲ್ ಸರಕಾರ ಆ ಮೇಜಿನಲ್ಲಿ ಇರಲಿಲ್ಲ. ಮರುವರ್ಷ ಆಗಸ್ಟಿನಲ್ಲಿ ಆ ಸರಕಾರವೇ ಕುಸಿಯಿತು. ನಾವೂ ಶ್ರೀಲಂಕಾಕ್ಕೆ 1987ರಲ್ಲಿ ದಂಡು ಕಳಿಸಿದವರು. ಶಾಂತಿ ಕಾಯಲು ಹೋದವರು ಕಾದಾಡಿ, ಸಾವಿರಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡು, 1990ರಲ್ಲಿ ಮರಳಿದೆವು. ಹಾಗಾಗಿ ಬೇರೆಯವರಿಗೆ ಮಾತ್ರ ಬೊಟ್ಟು ಮಾಡುವ ಹಾಗಿಲ್ಲ.

ಮತ್ತೆ ಮಂಗಳೂರಿಗೆ ಬರೋಣ. ಫ್ರೆಂಚರು ಕೈಬಿಟ್ಟ ಮೇಲೆ ಆಗಸ್ಟಿನಲ್ಲಿ ಕದನ ನಿಂತಿತು, ಮುತ್ತಿಗೆ ಮಾತ್ರ ಬಿಡಲಿಲ್ಲ. ಹಸಿವು, ರೋಗ ತಾಳದೆ ಕ್ಯಾಂಪ್‌ಬೆಲ್ 1784ರ ಜನವರಿಯಲ್ಲಿ ಕೋಟೆ ಒಪ್ಪಿಸಿದ. ಮಾರ್ಚ್ 11ಕ್ಕೆ ಮಂಗಳೂರು ಒಪ್ಪಂದ. ಗೆದ್ದ ಜಾಗ ಅವರವರಿಗೆ ವಾಪಸು, ಸೆರೆಯಾಳುಗಳು ವಾಪಸು.

ಈ ಕರಾವಳಿಯ ಕ್ರೈಸ್ತರಿಗೆ ಮಾತ್ರ ಆ ವಾಪಸಾತಿ ಸಿಗಲಿಲ್ಲ. ಕಂಪನಿಗೆ ನೆರವಾದರು ಎಂಬ ಆರೋಪ ಅವರ ಮೇಲೆ ಬಿತ್ತು. ಒಪ್ಪಂದಕ್ಕೆ ಕೆಲವೇ ದಿನ ಮೊದಲು, ಫೆಬ್ರವರಿಯಲ್ಲಿ, ಟಿಪ್ಪುವಿನ ಕಡೆಯವರು ಅವರನ್ನು ಮನೆಮಠ ಬಿಡಿಸಿ, ಘಟ್ಟ ಹತ್ತಿಸಿ, ಶ್ರೀರಂಗಪಟ್ಟಣಕ್ಕೆ ಒಯ್ದರು. ಬದುಕಿ ಉಳಿದವರು ಊರಿಗೆ ಮರಳಿದ್ದು 1799ರಲ್ಲಿ ಟಿಪ್ಪು ಮಡಿದ ಮೇಲೆ. ಅಷ್ಟರಲ್ಲಿ ಹದಿನೈದು ಮಳೆಗಾಲ ಕಳೆದಿತ್ತು. ಅವರ ಗದ್ದೆಗಳನ್ನು ಬೇರೆಯವರು ಉಳುತ್ತಿದ್ದರು.

ನಮಸ್ಕಾರ.