ರಾತ್ರಿ ಕಾಯುವವರ ನಿದ್ದೆ

ಕೇಳುಗರೆಲ್ಲರಿಗೂ ನಮಸ್ಕಾರ.

ಹೋದ ತಿಂಗಳು ಪುಣೆಯಲ್ಲಿ ನಮ್ಮ ಕನ್ನಡದವರ ಮನೆಯ ಮದುವೆ ಇತ್ತು. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಇಂಡಿ ತಾಲ್ಲೂಕಿನ ಒಬ್ಬ ತಾಯಿ ಕೂತಿದ್ದರು. ನಾನು ಸೈಬರ್ ಸೆಕ್ಯುರಿಟಿಯಲ್ಲಿ ಕೆಲಸ ಮಾಡುವವಳು ಅಂತ ಗೊತ್ತಾದ ಕೂಡಲೇ ಅವರ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. "ನನ್ನ ಮಗಾನೂ ಅದ್ರಾಗ ಅದಾನ್ರಿ, ಹಿಂಜವಡಿಯೊಳಗ. ರಾತ್ರಿ ಪೂರ್ತಿ ಕಂಪ್ಯೂಟರ್ ಕಾಯ್ತಾನಂತ. ಹಗಲೊತ್ತು ಫೋನ್ ಹಚ್ಚಿದ್ರ ಎತ್ತಂಗಿಲ್ಲ. ಎತ್ತಿದ್ರ ಸಿಟ್ಟು. ಇದೆಂಥಾ ನೌಕರಿ ರೀ ಅಕ್ಕಾರ?"

ಎಲೆ ಮುಂದೆ ಕೂತು ಅದಕ್ಕೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಇವತ್ತು ಕೊಡುತ್ತೇನೆ.

ಒಂದು ಬ್ಯಾಂಕು, ಒಂದು ಆಸ್ಪತ್ರೆ, ಒಂದು ಕಾರ್ಖಾನೆ. ಅಲ್ಲಿನ ಪ್ರತಿಯೊಂದು ಕಂಪ್ಯೂಟರೂ ದಿನವಿಡೀ ಒಂದು ದಿನಚರಿ ಬರೆಯುತ್ತಿರುತ್ತದೆ. ಯಾರು ಒಳಗೆ ಬಂದರು, ಯಾವ ಫೈಲ್ ತೆರೆದರು, ಎಷ್ಟು ಹೊತ್ತಿಗೆ ಹೋದರು. ಇದಕ್ಕೆ ಲಾಗ್ ಅನ್ನುತ್ತಾರೆ. ಈ ಲಾಗ್‌ಗಳೆಲ್ಲ ಒಂದು ಕಡೆ ಬಂದು ಸೇರುತ್ತವೆ. ಅವನ್ನು ನೋಡುವ ಕೋಣೆಗೆ ಸೆಕ್ಯುರಿಟಿ ಆಪರೇಷನ್ಸ್ ಸೆಂಟರ್ ಅಂತ ಹೆಸರು. ನಾವೆಲ್ಲ ಚಿಕ್ಕದಾಗಿ 'ಸಾಕ್' ಅನ್ನುತ್ತೇವೆ. ಲಾಗ್‌ನಲ್ಲಿ ಏನಾದರೂ ಅನುಮಾನ ಬಂದರೆ ಪರದೆಯ ಮೇಲೆ ಒಂದು ಅಲರ್ಟ್ ಏಳುತ್ತದೆ. ಅದು ನಿಜವೋ ಸುಳ್ಳೋ ಅಂತ ಮೊದಲು ನೋಡುವವರು ಎಲ್‌1, ಅಂದರೆ ಮೊದಲ ಹಂತದವರು. ನಿಜ ಅನ್ನಿಸಿದರೆ ಎಲ್‌2ಗೆ ಕಳಿಸುತ್ತಾರೆ. ಆ ತಾಯಿಯ ಮಗ ಎಲ್‌1. ನಾನೂ ಅಲ್ಲಿಂದಲೇ ಶುರು ಮಾಡಿದವಳು. ಒಂದು ರಾತ್ರಿಗೆ ಇನ್ನೂರು, ಮುನ್ನೂರು ಅಲರ್ಟ್ ನೋಡಿದ್ದೇನೆ. ಅದರಲ್ಲಿ ನಿಜವಾದದ್ದು ಒಂದೋ ಎರಡೋ. ಎಷ್ಟೋ ರಾತ್ರಿ ಒಂದೂ ಇಲ್ಲ.

ನಮ್ಮ ಕಸುಬಿನ ಹಳೆಯ ಕಥೆಯೊಂದಿದೆ. ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಇದನ್ನೇ ಹೇಳುತ್ತೇನೆ. 1986, ಅಮೆರಿಕದ ಬರ್ಕ್‌ಲಿಯ ಪ್ರಯೋಗಾಲಯ. ಅಲ್ಲಿ ಕಂಪ್ಯೂಟರ್ ಬಳಸಿದಷ್ಟು ಹೊತ್ತಿಗೆ ಬಾಡಿಗೆ ಲೆಕ್ಕ ಹಾಕುತ್ತಿದ್ದರು. ಒಂದು ತಿಂಗಳು ಲೆಕ್ಕದಲ್ಲಿ 75 ಸೆಂಟ್ ವ್ಯತ್ಯಾಸ ಬಂತು. ಡಾಲರಿನಲ್ಲಿ ಹನ್ನೆರಡಾಣೆ, ಅಷ್ಟೇ. ಕ್ಲಿಫ್ ಸ್ಟೋಲ್ ಅನ್ನುವವರು ಅದನ್ನು ಹಿಡಿದು ಕೂತರು. ಅವರು ಖಗೋಳ ವಿಜ್ಞಾನಿ. ಸಂಶೋಧನೆಯ ಹಣ ಮುಗಿದು ಕಂಪ್ಯೂಟರ್ ವಿಭಾಗಕ್ಕೆ ಬಂದಿದ್ದರು. ವಾರದ ರಜೆಯಲ್ಲಿ ಸಹೋದ್ಯೋಗಿಗಳ ಮೇಜಿನಿಂದ ಸುಮಾರು 50 ಟರ್ಮಿನಲ್ ಮತ್ತು ಪ್ರಿಂಟರುಗಳನ್ನು ಎತ್ತಿಕೊಂಡು ಬಂದು, ಒಳಬರುವ ಒಂದೊಂದು ಫೋನ್ ಲೈನಿಗೂ ಒಂದೊಂದು ಜೋಡಿಸಿದರು. ಯಾರು ಒಳಗೆ ಬಂದರೂ ಅವರು ಒತ್ತುವ ಪ್ರತಿ ಅಕ್ಷರ ಕಾಗದದ ಮೇಲೆ ಬೀಳಬೇಕು. ಹಾಗೆ ಹಿಂಬಾಲಿಸುತ್ತಾ ಹೋದಾಗ ಕಳ್ಳ ಸಿಕ್ಕಿದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಮೆರಿಕದ ಸೇನೆಯ ಮಾಹಿತಿ ಕದ್ದು ಸೋವಿಯತ್ ಗೂಢಚಾರರಿಗೆ ಮಾರುತ್ತಿದ್ದ.

ಈ ಕಥೆಯಲ್ಲಿ ನನಗೆ ದೊಡ್ಡದಾಗಿ ಕಾಣುವುದು ಗೂಢಚಾರರಲ್ಲ, ಆ ಹನ್ನೆರಡಾಣೆ. ಇಷ್ಟು ಸಣ್ಣ ವ್ಯತ್ಯಾಸ, ಬಿಟ್ಟುಬಿಡೋಣ ಅನ್ನದೆ ಒಬ್ಬರು ಯಾಕೆ ಅಂತ ಕೇಳಿದರು. ನಮ್ಮ ಕೆಲಸ ಎಂದರೆ ಅದೇ. ಸ್ಟೋಲ್ ಆಗ ಮೇಜಿನ ಕೆಳಗೆ ಮಲಗಿ ಕಾದಿದ್ದರು. ನಮ್ಮವರು ಕಥೆಯ ಆ ಭಾಗವನ್ನೇ ಜಾಸ್ತಿ ನೆನಪಿಟ್ಟುಕೊಂಡಿದ್ದಾರೆ, ಅದನ್ನೇ ಹೆಮ್ಮೆಯಿಂದ ಹೇಳುತ್ತಾರೆ. ಅದರಿಂದ ಏನಾಗುತ್ತದೆ ಅನ್ನುವುದಕ್ಕೆ ಆಮೇಲೆ ಬರುತ್ತೇನೆ.

1988ರ ನವೆಂಬರ್ 2ರಂದು ರಾಬರ್ಟ್ ಮೋರಿಸ್ ಎಂಬ ವಿದ್ಯಾರ್ಥಿ ಬಿಟ್ಟ ಒಂದು ಪ್ರೋಗ್ರಾಂ ತಾನೇ ತಾನಾಗಿ ಹರಡಿ, ಆಗಿನ ಅಂದಾಜಿನ ಪ್ರಕಾರ ಸುಮಾರು 6,000 ಕಂಪ್ಯೂಟರುಗಳನ್ನು ಹಿಡಿದು ಕೂತಿತು. ಅದೇ ತಿಂಗಳು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಇಂಥ ದಾಳಿ ಎದುರಿಸುವ ಮೊದಲ ತುರ್ತು ತಂಡ ಹುಟ್ಟಿತು, ಸರ್ಟ್. ನಮ್ಮ ದೇಶದ ಸರ್ಟ್-ಇನ್ ಕೆಲಸ ಶುರು ಮಾಡಿದ್ದು 2004ರಲ್ಲಿ.

ಪುಣೆಗೂ ಈ ಚರಿತ್ರೆಯಲ್ಲಿ ಜಾಗ ಇದೆ. ಕೈಲಾಶ್ ಕಾಟ್ಕರ್ ಇಲ್ಲಿ ಕ್ಯಾಲ್ಕುಲೇಟರ್ ರಿಪೇರಿ ಮಾಡುತ್ತಿದ್ದವರು. ಆಮೇಲೆ ಕಂಪ್ಯೂಟರ್ ರಿಪೇರಿಗೆ ಬಂದರು. ಬಂದ ಯಂತ್ರಗಳಿಗೆಲ್ಲ ವೈರಸ್. ಕಾಲೇಜು ಓದುತ್ತಿದ್ದ ತಮ್ಮ ಸಂಜಯ್ ಅದನ್ನು ತೆಗೆಯುವ ಪ್ರೋಗ್ರಾಂ ಬರೆದರು. ಅದೇ ಮುಂದೆ ಕ್ವಿಕ್ ಹೀಲ್ ಆಯಿತು. ದೊಡ್ಡ ಕಾಲೇಜಿನಿಂದ ಬಂದವರಿಗೆ ಮಾತ್ರ ಈ ಕೆಲಸ ಅನ್ನುವವರಿಗೆ ನಾನು ಕಾಟ್ಕರ್ ಅಣ್ಣತಮ್ಮಂದಿರ ಅಂಗಡಿಯ ಕಥೆ ಹೇಳುತ್ತೇನೆ.

ಹಾಗೇ ಈ ಊರು ಒಂದು ದೊಡ್ಡ ಪೆಟ್ಟನ್ನೂ ತಿಂದಿದೆ. 2018ರ ಆಗಸ್ಟ್ 11, ಶನಿವಾರ. ಕಾಸ್ಮೋಸ್ ಬ್ಯಾಂಕಿನ ಎಟಿಎಂ ವ್ಯವಸ್ಥೆಯೊಳಗೆ ನುಗ್ಗಿದವರು, ಹಣ ಕೇಳಿದಾಗ ಬ್ಯಾಂಕಿನ ನಿಜವಾದ ಸರ್ವರ್ ಕಡೆ ಹೋಗಬೇಕಿದ್ದ ಪ್ರಶ್ನೆಯನ್ನು ನಡುವೆಯೇ ಹಿಡಿದು "ಸರಿ, ಕೊಡು" ಅಂತ ತಾವೇ ಉತ್ತರ ಕೊಡುವಂತೆ ಮಾಡಿದ್ದರು. ನಕಲಿ ಕಾರ್ಡ್ ಹಿಡಿದವರು 28 ದೇಶಗಳ ಎಟಿಎಂಗಳಿಂದ ಕೆಲವೇ ಗಂಟೆಗಳಲ್ಲಿ ಹಣ ಎತ್ತಿದರು. ಸೋಮವಾರ ಇನ್ನೂ 13.92 ಕೋಟಿ ಹಾಂಗ್‌ಕಾಂಗ್‌ಗೆ ಹೋಯಿತು. ಒಟ್ಟು 94 ಕೋಟಿ ರೂಪಾಯಿಗೂ ಹೆಚ್ಚು.

ಶನಿವಾರ ಯಾಕೆ? ಬ್ಯಾಂಕಿನವರು ಮನೆಯಲ್ಲಿರುತ್ತಾರೆ. ಫೋನ್ ಎತ್ತುವವರು ಕಡಿಮೆ. ಅದಕ್ಕೇ ತಾಯೀ, ನಿಮ್ಮ ಮಗ ರಾತ್ರಿ ಕಾಯುವುದು. ಹೊಲಕ್ಕೆ ಹಂದಿ ನುಗ್ಗುವುದು ಮಧ್ಯಾಹ್ನ ಅಲ್ಲ, ಅಲ್ವಾ?

ಈಗ ನಿದ್ದೆಯ ಮಾತು. ಇದನ್ನು ನನ್ನ ಮೇಲೆ ಆದದ್ದರಿಂದಲೇ ಹೇಳಬೇಕು.

2016ರ ಮಳೆಗಾಲ. ಸತತ ಆರನೇ ರಾತ್ರಿ ಪಾಳಿ. ಹಗಲು ನಮ್ಮ ಮನೆ ಎದುರು ಕಟ್ಟಡ ಕಟ್ಟುತ್ತಿದ್ದರು. ಕಬ್ಬಿಣ ಕೊಯ್ಯುವ ಸದ್ದು. ದಿನಕ್ಕೆ ಮೂರು ಗಂಟೆ ನಿದ್ದೆ ಆದರೆ ಅದೇ ಹೆಚ್ಚು. ಆ ರಾತ್ರಿ ಫೈಲುಗಳ ನಕಲು ತೆಗೆದಿಡುವ ಒಂದು ಬ್ಯಾಕಪ್ ಕೆಲಸ ಕಾಲು ಗಂಟೆಗೊಮ್ಮೆ ಅಡ್ಮಿನ್ ಹೆಸರಲ್ಲಿ ಸರ್ವರ್ ಒಳಗೆ ಹೋಗುತ್ತಿತ್ತು. ಪ್ರತಿ ಸಲವೂ ಅಲರ್ಟ್, ಅದರಲ್ಲಿ ಆ ಸರ್ವರ್ ಹೆಸರು. ಎಫ್‌ಎಸ್ 11, ಎಫ್‌ಎಸ್ 11, ಎಫ್‌ಎಸ್ 11. "ಬ್ಯಾಕಪ್ ಕೆಲಸ, ತೊಂದರೆ ಇಲ್ಲ" ಅಂತ ಒಂದೇ ಸಾಲನ್ನು ಕಾಪಿ ಮಾಡಿ ಹಾಕುತ್ತಾ ಮುಚ್ಚುತ್ತಾ ಹೋದೆ. ಮೂರೂ ನಲವತ್ತಕ್ಕೆ ಬಂದದ್ದನ್ನೂ ಹಾಗೇ ಮುಚ್ಚಿದೆ. ಅದು ಎಫ್‌ಎಸ್ 17, ಬೇರೆಯದೇ ಸರ್ವರ್.

ಐದೂವರೆಗೆ ನಾವು ಕಾಯುತ್ತಿದ್ದ ಕಂಪನಿಯ ಫೈಲುಗಳ ಹೆಸರು ಒಂದೊಂದಾಗಿ ಬದಲಾಗತೊಡಗಿದವು. ರ‍್ಯಾನ್ಸಮ್‌ವೇರ್. ಬೀಗ ಹಾಕಿ, ಕೀಲಿಗೆ ದುಡ್ಡು ಕೇಳುವ ದಂಧೆ. ಬ್ಯಾಕಪ್ ಇತ್ತು, ಎರಡು ದಿನದಲ್ಲಿ ಎಲ್ಲಾ ವಾಪಸ್ ಬಂತು. ಆದರೆ ಆ ಲಾಗ್‌ನಲ್ಲಿ ನನ್ನ ಹೆಸರು, ನನ್ನ ಸಾಲು, ಸಮಯ ಎಲ್ಲ ಹಾಗೇ ಇತ್ತು. ಹನ್ನೊಂದು ಮತ್ತು ಹದಿನೇಳರ ವ್ಯತ್ಯಾಸ ನನ್ನ ಕಣ್ಣೆದುರೇ ಇತ್ತು. ನನಗೆ ಕಾಣಲಿಲ್ಲ. ತಿಂಗಳುಗಟ್ಟಲೆ ಹದಿನೇಳು ಅನ್ನುವ ಸಂಖ್ಯೆ ಬಸ್ಸಿನ ಮೇಲೆ, ಮನೆ ಬಾಗಿಲ ಮೇಲೆ ಕಂಡರೂ ಹೊಟ್ಟೆ ತೊಳಸುತ್ತಿತ್ತು.

ವಿಚಾರಣೆಯ ದಿನ ನಮ್ಮ ಮೇಲಿನವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ, "ಅದು ಎಷ್ಟನೇ ರಾತ್ರಿ?" ಆರನೆಯದು ಅಂದೆ. ಅವರು ಪಾಳಿಯ ಪಟ್ಟಿ ತರಿಸಿದರು. ಆವತ್ತಿನಿಂದ ಸತತ ನಾಲ್ಕು ರಾತ್ರಿಗಿಂತ ಹೆಚ್ಚು ಯಾರಿಗೂ ಇಲ್ಲ. ಬ್ಯಾಕಪ್ ಕೆಲಸಕ್ಕೆ ಸುಮ್ನೆ ಏಳುತ್ತಿದ್ದ ಆ ಅಲರ್ಟನ್ನೂ ಸರಿಮಾಡಿಸಿದರು. ಅವರು ಆವತ್ತು ಬೈದು ಕಳಿಸಿದ್ದರೆ ನಾನು ಈ ಕಸುಬನ್ನೇ ಬಿಡುತ್ತಿದ್ದೆ. ಇವತ್ತು ಪಾಳಿಯ ಪಟ್ಟಿ ಬರೆಯುವವಳು ನಾನೇ.

ನಿದ್ದೆಗೆಟ್ಟವರನ್ನು ಹೊಗಳುವ ಚಟ ನಮ್ಮಲ್ಲಿ ತುಂಬಾ ಇದೆ. 2017ರ ಜೂನ್‌ನಲ್ಲಿ ಕಂಪ್ಯೂಟರುಗಳನ್ನೇ ಹಾಳುಮಾಡುವ ನಾಟ್‌ಪೆಟ್ಯಾ ದಾಳಿ ಆಯಿತು. ಮುಂಬೈ ಪಕ್ಕದ ನಾವಾ ಶೇವಾ ಬಂದರಿನಲ್ಲಿ ಹಡಗು ಕಂಪನಿ ಮರ್ಸ್ಕ್ ಗುಂಪಿನವರ ಟರ್ಮಿನಲ್ ನಿಂತುಹೋಯಿತು. ಆ ಕಂಪನಿ ಹತ್ತು ದಿನದಲ್ಲಿ 4,000 ಸರ್ವರ್, 45,000 ಕಂಪ್ಯೂಟರ್ ಹೊಸದಾಗಿ ಕಟ್ಟಿತು ಅಂತ ಅದರ ಅಧ್ಯಕ್ಷರೇ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ತಟ್ಟಲಿ, ಅದು ದೊಡ್ಡ ಕೆಲಸವೇ. ಆ ಹತ್ತು ರಾತ್ರಿ ಕೀಬೋರ್ಡ್ ಮುಂದೆ ಕೂತವರು ಆಮೇಲೆ ಹೇಗಿದ್ದರು ಅಂತಲೂ ಯಾರಾದರೂ ಕೇಳಬೇಕು. ನಮ್ಮಲ್ಲಿ 2022ರಿಂದ, ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ಸರ್ಟ್-ಇನ್‌ಗೆ ತಿಳಿಸಲೇಬೇಕು. ನಿಯಮ ಬೇಕಾದದ್ದೇ. ಹಾಗಾದರೆ ಆ ಆರು ಗಂಟೆಯಲ್ಲಿ ತಲೆ ನೆಟ್ಟಗಿರುವ ಜನವೂ ಕೋಣೆಯಲ್ಲಿ ಇರಬೇಕಲ್ಲ?

ಕೆಲಸದ ಒತ್ತಡದಿಂದ ಮನಸ್ಸು ಬತ್ತಿಹೋಗುವುದನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ವರ್ಗೀಕರಣದ ಪಟ್ಟಿಯಲ್ಲಿ ಸೇರಿಸಿದೆ. ಅದು ರೋಗ ಅಲ್ಲ, ಕೆಲಸದ ಜಾಗದಿಂದ ಬರುವ ಸ್ಥಿತಿ ಅಂತ 2019ರಲ್ಲಿ ಬಿಡಿಸಿ ಹೇಳಿದೆ. ಅಂದರೆ ಹುಡುಗನನ್ನು ಮಾತ್ರ ನೋಡಿದರೆ ಸಾಲದು, ಪಾಳಿಯ ಪಟ್ಟಿಯನ್ನೂ ನೋಡಬೇಕು. ಕಾರಣವಿಲ್ಲದೆ ಸಿಟ್ಟು, ರಜೆ ದಿನವೂ ಫೋನ್ ಸದ್ದಾದರೆ ಎದೆ ಡವಡವ, ಗೆಳೆಯರ ಜೊತೆ ಊಟಕ್ಕೂ ಬೇಡ ಅನ್ನಿಸುವುದು, ಇವು ವಾರಗಟ್ಟಲೆ ನಿಂತರೆ ಯಾರ ಹತ್ತಿರವಾದರೂ ಹೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು. ನಮ್ಮ ಭಾಷೆಯಲ್ಲೇ ಮಾತಾಡಬಹುದು.

ಇಷ್ಟೆಲ್ಲ ಕೇಳಿದ ಮೇಲೂ ಈ ಕೆಲಸಕ್ಕೆ ಬರಬೇಕು ಅನ್ನುವ ಮಕ್ಕಳಿಗೆ ಒಂದೆರಡು ಮಾತು. ಬನ್ನಿ. ಮೊದಲು ನೆಟ್‌ವರ್ಕ್ ಹೇಗೆ ಓಡುತ್ತದೆ ಅಂತ ಕಲಿಯಿರಿ, ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಕೈಗೆ ಹತ್ತಿಸಿಕೊಳ್ಳಿ. ಅದಿಲ್ಲದೆ ಹ್ಯಾಕಿಂಗ್ ಕೋರ್ಸಿಗೆ ಹೋದರೆ ಅಡಿಪಾಯ ಇಲ್ಲದ ಮನೆ. ಮೂರು ತಿಂಗಳಲ್ಲಿ ನೌಕರಿ ಗ್ಯಾರಂಟಿ ಅನ್ನುವ ಬೋರ್ಡ್ ನೋಡಿ ಅಪ್ಪ ಅಮ್ಮನಿಂದ ಲಕ್ಷ ಕೇಳಬೇಡಿ. ಕಾರ್ನೆಗಿ ಮೆಲನ್‌ನವರು ನಡೆಸುವ ಹ್ಯಾಕಿಂಗ್ ಕಲಿಸುವ ಸ್ಪರ್ಧೆ ಪಿಕೊಸಿಟಿಎಫ್ ಪುಕ್ಕಟೆ. ಓವರ್‌ದವೈರ್‌ನ ಬ್ಯಾಂಡಿಟ್ ಆಟವೂ ಪುಕ್ಕಟೆ. ಒಂದೊಂದು ಮೆಟ್ಟಿಲು ಹತ್ತಿ. ಪುಣೆಯಲ್ಲಿ ಸರ್ಕಾರದ ಕಂಪ್ಯೂಟರ್ ಸಂಸ್ಥೆ ಸಿಡ್ಯಾಕ್‌ನಲ್ಲಿ ಆರು ತಿಂಗಳ ಡಿಪ್ಲೊಮಾ ಇದೆ, ಪ್ರವೇಶ ಪರೀಕ್ಷೆ ಬರೆದು ಸೇರಬೇಕು. ಈ ಕಸುಬಿಗೆ ಬಿ.ಕಾಂ. ಓದಿದವರೂ ಬರಬಹುದು, ಆಡಿಟ್ ಮತ್ತು ನಿಯಮಗಳ ಕಡೆ ಲೆಕ್ಕ ಗೊತ್ತಿದ್ದವರೇ ಬೇಕು. ಆ ಹನ್ನೆರಡಾಣೆ ಹಿಡಿದದ್ದು ಬಾಡಿಗೆ ಲೆಕ್ಕದ ಪಟ್ಟಿಯೇ ತಾನೆ? ಸಂದರ್ಶನಕ್ಕೆ ಹೋದಾಗ ಸಂಬಳದ ಜೊತೆ ಇನ್ನೊಂದನ್ನು ಸಂಕೋಚ ಇಲ್ಲದೆ ಕೇಳಿ: ಸತತ ಎಷ್ಟು ರಾತ್ರಿ ಹಾಕುತ್ತೀರಿ?

ಆ ತಾಯಿಗೆ ಮಂಟಪದ ಬಾಗಿಲಲ್ಲಿ ನಾನು ಹೇಳಿದ್ದು ಇಷ್ಟೇ. ರಾತ್ರಿ ಪಾಳಿ ಇರುವ ವಾರ ಮಧ್ಯಾಹ್ನ ಮೂರರ ತನಕ ಮಗನಿಗೆ ಫೋನ್ ಹಚ್ಚಬೇಡಿ, ಅದು ಅವನಿಗೆ ನಡುರಾತ್ರಿ. ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. "ಹೊಲಾ ಕಾದು ಬಂದಾವ್ರನ್ನ ನಾವೂ ಎಬ್ಬಸಂಗಿಲ್ರಿ. ಇದು ತಲಿಗೇ ಹೊಳೀಲಿಲ್ಲ ನೋಡ್ರಿ" ಅಂದರು. ಮರುದಿನ ಊರಿಗೆ ಹೊರಡುವ ಮುಂಚೆ ಲಕ್ಷ್ಮೀ ರಸ್ತೆಗೆ ಹೋಗಿ ಮಗನ ಕೋಣೆಯ ಕಿಟಕಿಗೆ ದಪ್ಪ ಬಟ್ಟೆಯ ಪರದೆ ತಂದರಂತೆ. ಒಂದು ಗೇಣು ಉದ್ದ ಹೆಚ್ಚಾಯಿತಂತೆ. ಅಲ್ಲೇ ಕೂತು, ಕೈಯಲ್ಲೇ ಮಡಿಸಿ ಹೊಲಿದು, ತೂಗುಹಾಕಿ ಬಸ್ ಹತ್ತಿದರಂತೆ.

ನಮಸ್ಕಾರ.