ತಪಸ್ಸುಕಾಲದ ಕಾಫಿ ಡಬ್ಬಿ

ಕೇಳುಗರಿಗೆ ನಮಸ್ಕಾರ. ನಾವು ಕಥೋಲಿಕ ಕ್ರೈಸ್ತರು ಬೂದಿ ಬುಧವಾರ ಹಣೆಯ ಮೇಲೆ ಬೂದಿಯಿಟ್ಟುಕೊಂಡು ತೀರ್ಥಹಳ್ಳಿಯ ಬಸ್ ಹತ್ತಿದರೆ ಪಕ್ಕದವರು ಕೇಳುವುದುಂಟು: "ನೀವೂ ವಿಭೂತಿ ಇಡುತ್ತೀರಾ?" ಇಡುತ್ತೇವೆ. ಹಿಂದಿನ ವರ್ಷ ಪಾಸ್ಖ ಹಬ್ಬಕ್ಕೆ, ಅಂದರೆ ಈಸ್ಟರಿಗೆ, ಮುಂಚಿನ ಗರಿಗಳ ಭಾನುವಾರ ಮಂತ್ರಿಸಿದ ಗರಿಗಳನ್ನೇ ಸುಟ್ಟು ಮಾಡಿದ ಬೂದಿ ಅದು. ಬೂದಿ ಬುಧವಾರದಿಂದ ಪಾಸ್ಖ ಹಬ್ಬದ ಹಿಂದಿನ ದಿನದವರೆಗೆ 46 ದಿನ. ಭಾನುವಾರಗಳನ್ನು ಕಳೆದರೆ 40. ಯೇಸುಸ್ವಾಮಿ ಅಡವಿಯಲ್ಲಿ ಉಪವಾಸವಿದ್ದ ದಿನಗಳ ಲೆಕ್ಕ. ಇದೇ ತಪಸ್ಸುಕಾಲ.

ಪ್ರತಿ ವರ್ಷ ನನಗೆ ಬರುವ ಪ್ರಶ್ನೆ ಒಂದೇ: ಶುಕ್ರವಾರ ಮೀನು ತಿನ್ನಬಹುದೇ? ತಿನ್ನಬಹುದು ಮಹನೀಯರೇ, ಮಾಂಸ ಮಾತ್ರ ಬೇಡ. ಆದರೆ ಕೋಳಿ ಬಿಟ್ಟು ಅದಕ್ಕಿಂತ ದುಬಾರಿ ಅಂಜಲ್ ಹುರಿದು ತಿಂದರೆ, ಬಿಟ್ಟದ್ದೇನು? ನಾನು ಕೇಳುವುದು ಬೇರೆ. ನೀವು ಬಿಟ್ಟದ್ದು ಯಾರ ಕೈ ಸೇರಿತು?

ನಮ್ಮ ಅಪ್ಪ ಒಂದು ವರ್ಷ ತಪಸ್ಸುಕಾಲಕ್ಕೆ ಕಾಫಿ ಬಿಟ್ಟರು. ಹಿತ್ತಿಲಲ್ಲೇ ಕಾಫಿ ಗಿಡವಿದ್ದ ಮನೆ. ದಿನಕ್ಕೆ ಐದು ಲೋಟ ಕುಡಿಯುವ ಮನುಷ್ಯ. ಮೂರನೆಯ ದಿನಕ್ಕೆ ತಲೆಗೆ ಬಟ್ಟೆ ಬಿಗಿದುಕೊಂಡು ಜಗಲಿಯಲ್ಲಿ ಕುಳಿತು ನಾಯಿಯಿಂದ ಹಿಡಿದು ನಮ್ಮವರೆಗೆ ಎಲ್ಲರನ್ನೂ ಗದರಿದರು. ತಪಸ್ಸು ಅಪ್ಪನದು, ಪ್ರಾಯಶ್ಚಿತ್ತ ನಮ್ಮದು!

ಅಮ್ಮ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ತಂದು ಎದುರಿಗಿಟ್ಟರು. "ರೀ, ಕುಡಿಯದೆ ಉಳಿಸಿದ ಪುಡಿಯನ್ನು ನೀವೇ ಅಳೆದು ಇದರಲ್ಲಿ ಹಾಕಿ." ಅಂದಿನಿಂದ ದಿನವೂ ಬೆಳಿಗ್ಗೆ ಐದು ಚಮಚ ಪುಡಿ, ಒಂದು ಅಚ್ಚು ಬೆಲ್ಲ. ಮುಚ್ಚಳ ತೆಗೆದಾಗ ಅಪ್ಪ ಉಸಿರು ಬಿಗಿಹಿಡಿಯುತ್ತಿದ್ದರು. ಬೆಲ್ಲದ ಅಚ್ಚುಗಳು ಡಬ್ಬಿಯಲ್ಲಿ ಹಿಡಿಯದಾದಾಗ ಮಡಕೆಯೊಂದು ಬಂತು. ಬೈಗುಳ ಮಾತ್ರ ಕಡಿಮೆಯಾಯಿತು, ಏಕೋ ಗೊತ್ತಿಲ್ಲ.

ಪಾಸ್ಖದ ಹಿಂದಿನ ಪವಿತ್ರ ವಾರದಲ್ಲಿ ಅಪ್ಪ ಅದನ್ನೆಲ್ಲ ಹೊತ್ತು, ನನ್ನನ್ನೂ ಕರೆದುಕೊಂಡು, ನಮ್ಮಲ್ಲಿ ಅಡಿಕೆ ಸುಲಿಯಲು ಬರುತ್ತಿದ್ದ ಅಜ್ಜಿಯ ಮನೆಗೆ ಹೋದರು. ಸುಲಿತ ಮುಗಿದ ಮೇಲೆ ಬೇಸಿಗೆಯಲ್ಲಿ ಆಕೆಗೆ ಕೂಲಿಯಿರಲಿಲ್ಲ. ಅಜ್ಜಿ ಡಬ್ಬಿ ತೆರೆದು ಮೂಸಿದವಳೇ ಒಲೆ ಹೊತ್ತಿಸಿದಳು. ಹಾಲಿಲ್ಲದ ಬೆಲ್ಲದ ಕಾಫಿ, ಅಂಚು ನೆಗ್ಗಿದ ಲೋಟ. "ಪುಡಿ ನಿಮ್ಮದೇ ಅಯ್ಯಾ, ನೀರು ಮಾತ್ರ ನನ್ನದು. ಕುಡಿಯಿರಿ."

ನಾನು ಅಪ್ಪನ ಮುಖ ನೋಡಿದೆ. ಪಾಸ್ಖಕ್ಕೆ ಇನ್ನು ಮೂರೇ ದಿನ. ಅಪ್ಪ ಎರಡೂ ಕೈಯಲ್ಲಿ ಲೋಟ ಹಿಡಿದು, ತಳದ ಚರಟವನ್ನೂ ಬಿಡದೆ ಕುಡಿದರು. ದಾರಿಯಲ್ಲಿ ಒಂದೇ ಮಾತು: "ಅಮ್ಮನಿಗೆ ನಾನೇ ಹೇಳುತ್ತೇನೆ." ಅಮ್ಮ ಕೇಳಿ, "ಬೆಲ್ಲ ಸಾಕಾಗಿತ್ತೇ?" ಎಂದರು, ಅಷ್ಟೆ.

ನನಗೆ ಕೊಟ್ಟ ಸಮಯದ ಮುಕ್ಕಾಲು ಭಾಗ ಕಾಫಿಯಲ್ಲೇ ಕರಗಿತು. ಉಳಿದದ್ದನ್ನು ಬೇಗ ಹೇಳುತ್ತೇನೆ. ಬೂದಿ ಬುಧವಾರ, ಶುಭ ಶುಕ್ರವಾರ ಈ ಎರಡು ದಿನ ಒಂದೇ ಹೊತ್ತು ಹೊಟ್ಟೆತುಂಬ ಊಟ. 18ರಿಂದ 59 ವಯಸ್ಸಿನವರಿಗೆ ಇದು ಕಡ್ಡಾಯ. ಶುಕ್ರವಾರಗಳಂದು ಶಿಲುಬೆ ಹಾದಿ, ಅಂದರೆ ಯೇಸುಸ್ವಾಮಿಯ ಪಾಡುಗಳನ್ನು ಧ್ಯಾನಿಸುವ ಪ್ರಾರ್ಥನೆ, 14 ಸ್ಥಳಗಳು. ಬನ್ನಿ, ಅರ್ಧ ಗಂಟೆ ಸಾಕು. ಹಸಿದವನೊಡನೆ ರೊಟ್ಟಿ ಹಂಚಿಕೊಳ್ಳುವುದೇ ದೇವರು ಮೆಚ್ಚುವ ಉಪವಾಸವೆಂದು ಬೈಬಲಿನ ಯೆಶಾಯನ ಗ್ರಂಥದ 58ನೆಯ ಅಧ್ಯಾಯದಲ್ಲಿದೆ, ಓದಿ. ತೂಕ ಇಳಿಸಲು ಊಟ ಬಿಡುವವರು ದಯವಿಟ್ಟು ಅದನ್ನು ತಪಸ್ಸು ಎನ್ನಬೇಡಿ. ಬಿಟ್ಟದ್ದು ಯಾರ ಕೈ ಸೇರಿತು?

ನನಗೆ ಅರವತ್ತು ದಾಟಿದೆ, ಉಪವಾಸದಿಂದ ರಿಯಾಯಿತಿ ಇದೆ. ಡಬ್ಬಿಗೆ ಇಲ್ಲ. ಅದು ಈಗ ನನ್ನ ಅಡುಗೆಮನೆಯಲ್ಲಿದೆ. ಮುಚ್ಚಳ ತುಕ್ಕು ಹಿಡಿದು, ಚಮಚದ ಹಿಡಿಯಿಂದ ಮೀಟಿದರೆ ಮಾತ್ರ ತೆರೆಯುತ್ತದೆ. ನಮಸ್ಕಾರ.