ಸೇಡಂ ರಸ್ತೆ ಮನೆ, ಉತ್ತರ ಗೋಡೆಯ ನೆರಳು, ಒಂದು ಟ್ರಾಲಿ ಮಣ್ಣು

ನಮಸ್ಕಾರ ಎಲ್ಲರಿಗೂ. ವಿಡಿಯೋ ಸ್ವಲ್ಪ ಅಲ್ಲಾಡುತ್ತಿದೆ. ನಮ್ಮ ಹುಡುಗ ಒಂದು ಕೈಯಲ್ಲಿ ಮೊಬೈಲು, ಇನ್ನೊಂದು ಕೈಯಲ್ಲಿ ಚಹಾ ಹಿಡಿದಿದ್ದಾನೆ. ಇವತ್ತು ಮತ್ತೆ ಸೇಡಂ ರಸ್ತೆ ಕಡೆಯ ಆ ಮನೆಗೆ ಬಂದಿದ್ದೇವೆ. ಜನವರಿಯಲ್ಲಿ ಇಲ್ಲಿ ಗಿಡ ನೆಟ್ಟಿದ್ದು ಹಳೆಯ ವಿಡಿಯೋ ನೋಡಿದವರಿಗೆ ನೆನಪಿರುತ್ತೆ. ಎರಡಂತಸ್ತಿನ ಮನೆ, ಉತ್ತರಕ್ಕೆ ಆರಡಿ ಅಗಲದ ಉದ್ದ ಜಾಗ, ಆಚೆ ಕಾಂಪೌಂಡು.

ಮಿರ್ಗದ ಮಳೆ, ಅದೇ ಜೂನ್‌ನ ಮೃಗಶಿರಾ ಮಳೆ, ನಿನ್ನೆ ಒಂದು ಸಲ ಬಂದು ಹೋಗಿದೆ. ಇವತ್ತು ಮತ್ತೆ ಸುಡು ಬಿಸಿಲು. ಹೊಸ ಮಣ್ಣಿನ ಟ್ರಾಲಿ ಬರಬೇಕು, ಹನ್ನೊಂದಕ್ಕೆ ಬರುತ್ತೇನೆ ಅಂದಿದ್ದ, ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ನಿಮ್ಮ ಜೊತೆ ಮಾತಾಡೋಣ.

ಮೊದಲು ಈ ಕೋಲು ನೋಡಿ. ಮೂರಡಿ ಕೋಲು, ನೆಟ್ಟಗೆ ನಿಲ್ಲಿಸಿದ್ದೇನೆ. ಈಗ ಗಂಟೆ ಹನ್ನೆರಡು ಇಪ್ಪತ್ತು. ಈ ದಿನಗಳಲ್ಲಿ ಗಡಿಯಾರದಲ್ಲಿ ಹನ್ನೆರಡು ಆದ ಮೇಲೆ ಇಪ್ಪತ್ತು ನಿಮಿಷ ಕಳೆದರೇನೇ ಕಲಬುರಗಿಗೆ ನಿಜವಾದ ನಡುಮಧ್ಯಾಹ್ನ. ನೆರಳು ಎಷ್ಟಿದೆ? ಒಂದು ಅಂಗೈ ಅಗಲ. ಯಾವ ಕಡೆ ಬಿದ್ದಿದೆ? ಮನೆ ಕಡೆಗೆ, ದಕ್ಷಿಣಕ್ಕೆ! ಅಂದರೆ ಸೂರ್ಯ ಈಗ ಉತ್ತರಕ್ಕೆ ವಾಲಿದ್ದಾನೆ.

ಇದನ್ನು ಎಷ್ಟೋ ಜನ ನಂಬುವುದೇ ಇಲ್ಲ. ನಮ್ಮ ಊರು ಇರುವುದು ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ 8-9ರ ಸುಮಾರಿಗೆ ಸೂರ್ಯ ನೇರ ನೆತ್ತಿ ಮೇಲೆ ಬಂದು, ಉತ್ತರಕ್ಕೆ ದಾಟುತ್ತಾನೆ. ಆಗಸ್ಟ್ ಮೊದಲ ವಾರದಲ್ಲಿ ವಾಪಸ್ ಬರುತ್ತಾನೆ. ಆ ಮೂರು ತಿಂಗಳು ಉತ್ತರ ಗೋಡೆಗೂ ಮಧ್ಯಾಹ್ನದ ಬಿಸಿಲು ಬೀಳುತ್ತೆ. ಜನವರಿಯಲ್ಲಿ ನಾನು ಇಲ್ಲಿ ಟೇಪು ಹಿಡಿದಾಗ ಮನೆಯ ನೆರಳು ಹದಿನೆಂಟು ಅಡಿ ಇತ್ತು. ಈ ಆರಡಿ ಜಾಗ ಪೂರ್ತಿ ತಂಪು. "ಇಲ್ಲಿ ವರ್ಷಪೂರ್ತಿ ಬಿಸಿಲೇ ಬೀಳೋದಿಲ್ಲ" ಅಂತ ಮನೆಯವರು ಹೇಳಿದ್ದರು. ಇಲ್ಲ ಅಕ್ಕಾರ, ಮೇ ತಿಂಗಳಲ್ಲಿ ಬೀಳುತ್ತೆ, ಹಸಿರು ಬಲೆ ಕಟ್ಟಲೇಬೇಕು ಅಂತ ನಾನು ಹಟ ಹಿಡಿದೆ. ಏಪ್ರಿಲ್‌ನಲ್ಲೇ ಅರ್ಧ ಬಿಸಿಲು ತಡೆಯುವ ಐವತ್ತು ಪರ್ಸೆಂಟ್ ಬಲೆ ಕಟ್ಟಿದೆವು. ಮೇಲೆ ಕಾಣುತ್ತಿರುವುದು ಅದೇ.

ಬಿಸಿಲಿನ ಲೆಕ್ಕ ಸರಿಯಾಗಿತ್ತು. ತಪ್ಪಿದ್ದು ಮಣ್ಣಿನದು. ಆ ಕಥೆ ಹೇಳಲೇಬೇಕು.

ಅಕ್ಕಾರು ಶಾಲೆಯಲ್ಲಿ ಟೀಚರ್ ಆಗಿದ್ದವರು. ಬಹಳ ಕಟ್ಟುನಿಟ್ಟು. ಮಡಿಕೇರಿಯ ಯಾವುದೋ ರೆಸಾರ್ಟಿನ ಫೋಟೋ ತೋರಿಸಿ, ನನಗೆ ಹಿಂಗೇ ಬೇಕು ಅಂದಿದ್ದರು. ಗೋಡೆ ತುಂಬಾ ಫರ್ನ್, ನೆಲ ತುಂಬಾ ಹಸಿರು. ಮಡಿಕೇರಿಗೆ ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ನಮಗೆ ಅದರ ಕಾಲು ಭಾಗ. ಗಾಳಿಯಲ್ಲಿ ತೇವವೇ ಇರಲ್ಲ, ಬೇಸಿಗೆಯಲ್ಲಿ 42-43 ಡಿಗ್ರಿ. ಆದರೂ ಒಪ್ಪಿಕೊಂಡೆ. ಗೋಡೆಯ ಮರೆ ಇದೆ, ನೀರಿದೆ, ಬಲೆ ಇದೆ, ಆಗುತ್ತೆ ಅನ್ನಿಸಿತು.

ಇಲ್ಲಿನ ನೆಲ ಎರೆ ಮಣ್ಣು, ಅಂದರೆ ಕಪ್ಪು ಮಣ್ಣು. ಬೇಸಿಗೆಯಲ್ಲಿ ಬೆರಳು ಹೋಗುವಷ್ಟು ಬಿರುಕು, ಮಳೆಗಾಲದಲ್ಲಿ ನೀರು ಕೆಳಗೆ ಇಳಿಯುವುದಿಲ್ಲ. ಜೊತೆಗೆ ಅದರಲ್ಲಿ ಸುಣ್ಣದ ಅಂಶ ಬೇರೆ. ಫರ್ನಿಗೆ ಎರಡೂ ಆಗಿಬರಲ್ಲ. ಅದಕ್ಕೇ ಒಂದೂವರೆ ಅಡಿ ತೆಗೆದು, ಮಸಾರಿ ಮಣ್ಣು, ಅಂದರೆ ಕೆಂಪು ಮಣ್ಣು, ತುಂಬಿಸಿದ್ದು. ಒಂದು ಟ್ರಾಲಿಗೆ 4,200 ರೂಪಾಯಿ ಕೊಟ್ಟೆ. ಮೇಲೆ ನೋಡಿದರೆ ಬೀದರ್ ಕಡೆಯ ಮಣ್ಣಿನ ಹಾಗೆ ಚೆಂದದ ಕೆಂಪು. ಕೈಯಲ್ಲಿ ಹಿಡಿದರೆ ಉದುರುದುರು. ದುಡ್ಡು ಎಣಿಸಿ ಕೊಟ್ಟು ಕಳಿಸಿದೆ. ಸಂಜೆ ಆಗಿತ್ತು, ಹುಡುಗರು ಕತ್ತಲಲ್ಲೇ ತುಂಬಿದರು.

ಮಾರ್ಚ್‌ನಲ್ಲಿ ಅಕ್ಕಾರು ಫೋನ್ ಮಾಡಿದರು. "ಏನ್ ತಮ್ಮಾ, ಎಲಿ ಬಣ್ಣ ಹಿಂಗ್ಯಾಕ ಆಗ್ಯಾದ?" ಒಂದೆರಡು ಎಲೆ ತಾನೇ, ಹೊಸ ಜಾಗಕ್ಕೆ ಹೊಂದಿಕೊಳ್ಳಲಿ ಅಂದೆ. ಎರಡು ದಿನ ಬಿಟ್ಟು ಮತ್ತೆ ಫೋನು. ನಿಜ ಹೇಳುತ್ತೇನೆ, ನನಗೆ ಬೇಜಾರಾಯಿತು. ಎಲೆ ಎಲೆ ಎಣಿಸುವ ಗಿರಾಕಿ ಬೇಡವೇ ಬೇಡ ಅಂತ ಆವತ್ತು ನಿರ್ಧಾರ ಮಾಡಿದ್ದೆ. ನೀರು ಜಾಸ್ತಿ ಆಗಿರಬೇಕು ಅಂತ ನೀರು ಕಡಿಮೆ ಮಾಡಿಸಿದೆ. ಆಮೇಲೆ ಎಪ್ಸಮ್ ಸಾಲ್ಟ್ ಹಾಕಿಸಿದೆ. ಎರಡೂ ತಪ್ಪು.

ಈ ಎಲೆ ಹತ್ತಿರದಿಂದ ತೋರಿಸಪ್ಪ. ಇದು ಪೀಸ್ ಲಿಲಿ. ನರಗಳು ಹಸಿರಾಗಿವೆ, ನಡುವೆ ಹಳದಿ. ಅದೂ ಹೊಸ ಎಲೆಯಲ್ಲಿ. ಕೆಳಗಿನ ಹಳೆಯ ಎಲೆ ಚೆನ್ನಾಗಿಯೇ ಇದೆ. ಹಳೆಯ ಎಲೆ ಮೊದಲು ಹಳದಿ ಆದರೆ ಮೆಗ್ನೀಷಿಯಂ ಕೊರತೆ ಇರಬಹುದು, ಅದಕ್ಕೆ ಎಪ್ಸಮ್ ಸಾಲ್ಟ್. ಹೊಸ ಎಲೆ ಹೀಗಾದರೆ ಕಬ್ಬಿಣದ ಕೊರತೆ. ಬಿಸಿಲಿಗೆ ಸುಟ್ಟ ಎಲೆ ಹೀಗಿರಲ್ಲ, ಬಿಳಚಿಕೊಂಡು ಕಂದು ಕಲೆ ಬೀಳುತ್ತೆ, ಅದೂ ಬಿಸಿಲಿಗೆ ತೆರೆದ ಭಾಗದಲ್ಲಿ ಮಾತ್ರ.

ಮಣ್ಣಲ್ಲಿ ಕಬ್ಬಿಣ ಇದ್ದೇ ಇರುತ್ತೆ. ಸುಣ್ಣ ಜಾಸ್ತಿಯಾದರೆ ಬೇರಿಗೆ ಅದು ಸಿಗಲ್ಲ. ಆದರೆ ಮಸಾರಿ ಮಣ್ಣಲ್ಲಿ ಅಷ್ಟು ಸುಣ್ಣ ಎಲ್ಲಿಂದ ಬಂತು? ಅಗೆದು ನೋಡಿದೆ. ಅರ್ಧ ಅಡಿ ಕೆಳಗೆ ಬೂದು ಬಣ್ಣದ ಪುಡಿ! ಪರಸಿ, ಅಂದರೆ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಕತ್ತರಿಸುವಾಗ, ಪಾಲಿಶ್ ಮಾಡುವಾಗ ಬರುತ್ತಲ್ಲ, ಆ ಪುಡಿ. ಶಹಾಬಾದ್ ಕಲ್ಲು ಅಂದರೆ ಸುಣ್ಣದ ಕಲ್ಲೇ. ಟ್ರಾಲಿಯ ತಳಕ್ಕೆ ಅದನ್ನು ಸುರಿದು, ಮೇಲೆ ಕೆಂಪು ಮಣ್ಣು ಹೊದಿಸಿ ತಂದಿದ್ದಾರೆ.

ಫೋನ್ ಮಾಡಿದರೆ ಮಣ್ಣಿನವರು ಏನಂದರು ಗೊತ್ತಾ? "ನೀವೇ ನೋಡಿ ತಗೊಂಡೀರಿ, ಈಗೇನ್ ಮಾಡ್ಲಿ?" ಮೂರು ಸಲ ಫೋನ್ ಮಾಡಿದೆ. ನಾಲ್ಕನೇ ಸಲ ಎತ್ತಲಿಲ್ಲ. 4,200 ಮಣ್ಣಿಗೆ. ತೆಗೆದು ಹಾಕಲು ಇಬ್ಬರು ಆಳು, ಎರಡು ದಿನ, ದಿನಕ್ಕೆ 700ರಂತೆ 2,800. ಆ ಮಣ್ಣು ಸಾಗಿಸಲು 1,500. ಸತ್ತ ಫರ್ನ್ ಇಪ್ಪತ್ತಾರು, ಒಂದಕ್ಕೆ 120 ಅಂದರೆ 3,120. ಒಟ್ಟು 11,620 ರೂಪಾಯಿ, ಇವತ್ತಿನ ಮಣ್ಣು ಬಿಟ್ಟು. ಅಕ್ಕಾರ ಹತ್ತಿರ ಒಂದು ರೂಪಾಯಿ ಕೇಳಿಲ್ಲ. ಅವರು ನಂಬಿದ್ದು ನನ್ನನ್ನು, ಟ್ರಾಲಿಯವನನ್ನಲ್ಲ. ಆದರೆ ಹೊಟ್ಟೆ ಉರಿಯುತ್ತೆ. ಮೂರು ತಿಂಗಳು ಆ ಗಿಡಗಳು ಒದ್ದಾಡಿದವು, ಅದು ದುಡ್ಡಿಗಿಂತ ಜಾಸ್ತಿ ಕಾಡುತ್ತೆ.

ಅಕ್ಕಾರ ಬಗ್ಗೆ ಆಗ ಹೇಳಿದ್ದನ್ನು ವಾಪಸ್ ತಗೊಳ್ಳುತ್ತೇನೆ. ಅವರು ಪ್ರತಿ ಭಾನುವಾರ ಅದೇ ಜಾಗದಿಂದ ಫೋಟೋ ತೆಗೆದಿಟ್ಟಿದ್ದರು. ಅದನ್ನು ಸಾಲಾಗಿ ನೋಡಿದಾಗಲೇ ಹೊಸ ಎಲೆಗಳು ಮೊದಲು ಹಳದಿ ಆಗಿದ್ದು ನನಗೆ ಗೊತ್ತಾಗಿದ್ದು. ಇಂಥ ಗಿರಾಕಿ ಇರಬೇಕು. ಈಗ ತಾನೇ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟು ಹೋದರು.

ಟ್ರಾಲಿ ಇನ್ನೂ ಇಲ್ಲ. ನೆರಳು ಅಂದಾಗ ನನಗೆ ಯಾವಾಗಲೂ ನಮ್ಮ ಕೋಟೆಯ ಜಾಮಾ ಮಸೀದಿ ನೆನಪಾಗುತ್ತೆ. 1367ರದು. ಬೇರೆ ಮಸೀದಿಗಳಲ್ಲಿ ದೊಡ್ಡ ಬಯಲು ಅಂಗಳ ಇರುತ್ತೆ, ಇಲ್ಲಿ ಪೂರ್ತಿ ಮೇಲ್ಚಾವಣಿ. ಬೆಳಕು ಪಕ್ಕದ ಕಮಾನುಗಳಿಂದ ಬರುತ್ತೆ. ಮೇ ತಿಂಗಳ ಮಧ್ಯಾಹ್ನ ಒಳಗೆ ಹೋಗಿ ನಿಂತರೆ, ಎರಡು ಹೆಜ್ಜೆಗೆ ಬೆಳಕು ಬದಲಾಗುವುದು ಕಣ್ಣಿಗೆ ಕಾಣುತ್ತೆ. ಅಂಚಿನಲ್ಲಿ ಒಂದು, ನಡುವೆ ಒಂದು. ಗಿಡಗಳೂ ಹಾಗೇ, ನೆರಳು ಅಂತ ಒಂದೇ ಇರಲ್ಲ... ಬಂತು, ಬಂತು, ಹಾರ್ನ್ ಕೇಳಿಸಿತು. ಮೊದಲು ಈ ಕುಂಡಗಳನ್ನು ತೋರಿಸಿಬಿಡುತ್ತೇನೆ.

ಫರ್ನ್ ಇನ್ನು ನೆಲದಲ್ಲಿ ಇಲ್ಲ. ಕುಂಡದಲ್ಲಿ. ಕೋಕೋಪೀಟ್, ಎಲೆಗೊಬ್ಬರ, ಸ್ವಲ್ಪ ಮರಳು. ಬಿಸಿಲು ಉತ್ತರಕ್ಕೆ ಬಂದಾಗ ಎತ್ತಿ ಒಳಗಿಡಬಹುದು. ಇಲ್ಲಿನ ಬೋರಿನ ನೀರು ಗಡಸು, ಕುಂಡದ ಅಂಚಿಗೆ ಬಿಳಿ ಪದರ ಕಟ್ಟುತ್ತೆ. ಫರ್ನಿಗೆ ಅದನ್ನು ಹಾಕಬೇಡಿ ಅಂದಿದ್ದೇನೆ. ಚಾವಣಿಯ ಮಳೆನೀರು ಡ್ರಮ್ಮಿಗೆ ಬೀಳುವ ಹಾಗೆ ಪೈಪು ತಿರುಗಿಸಿದ್ದೇವೆ. ಗೋಡೆಗೆ ವೀಳ್ಯದೆಲೆ ಬಳ್ಳಿ ಹಬ್ಬಿಸುತ್ತೇನೆ, ಅದಕ್ಕೆ ನೆರಳೇ ಬೇಕು. ಕಾಂಪೌಂಡಿನ ಕಡೆ ಸ್ನೇಕ್ ಪ್ಲಾಂಟ್, ಬೆಳಕು ಜಾಸ್ತಿ ಇರುವ ಮೂಲೆಗೆ ದೊಡ್ಡಪತ್ರೆ. ಪೀಸ್ ಲಿಲಿ ಇನ್ನು ಈ ಊರಲ್ಲಿ ನೆಡಲ್ಲ ಅಂತ ಬೆಳಿಗ್ಗೆ ಹೇಳಿದ್ದೆ. ಎರಡು ಉಳಿದಿವೆ, ಕುಂಡಕ್ಕೆ ಹಾಕಿ ನೋಡುತ್ತೇನೆ. ಅದಕ್ಕೆ ಇ.ಡಿ.ಡಿ.ಎಚ್.ಎ. ಇರುವ ಕಬ್ಬಿಣದ ಗೊಬ್ಬರ ಕೊಟ್ಟಿದ್ದೇನೆ, ಕಬ್ಬಿಣವನ್ನು ಬೇರಿಗೆ ಸಿಗುವ ಹಾಗೆ ಹಿಡಿದಿಡುವ ರಾಸಾಯನಿಕ ಅದು. ಅದೇ ಥರದ ಇ.ಡಿ.ಟಿ.ಎ. ಇರುವುದು ತಗೊಳ್ಳಬೇಡಿ, ಸುಣ್ಣದ ಮಣ್ಣಲ್ಲಿ ಅದು ನಿಲ್ಲಲ್ಲ.

ಬನ್ನಿ, ಟ್ರಾಲಿ ಹತ್ತಿರ ಹೋಗೋಣ. ಅಣ್ಣಾರ, ಮೊದಲು ಎಲ್ಲಾ ರಸ್ತೆ ಅಂಚಿಗೆ ಸುರೀರಿ, ದುಡ್ಡು ಆಮೇಲೆ ಕೊಡ್ತೀನಿ. ಸಲಿಕೆ ಕೊಡಪ್ಪ. ತಳದ ಮಣ್ಣು ಇಷ್ಟು. ಇದು ವಿನೆಗರ್, ಅಂಗಡಿಯಲ್ಲಿ ಸಿಗುವುದೇ. ಈ ಬಟ್ಟಲಲ್ಲಿ ಹಳೆಯ ಮಣ್ಣು, ಹಾಕುತ್ತೇನೆ ನೋಡಿ. ಬುಸ್ ಅಂತ ನೊರೆ ಬಂತಲ್ಲ, ಅದೇ ಸುಣ್ಣ. ಈ ಬಟ್ಟಲಲ್ಲಿ ಇವತ್ತಿನದು. ಹತ್ತಿರ ಹಿಡಿ, ಇನ್ನೂ ಹತ್ತಿರ.

ಒಂದೂ ಗುಳ್ಳೆ ಇಲ್ಲ. ಅಕ್ಕಾರ, ಬಂದು ನೀವೂ ಒಂದು ಸಲ ನೋಡ್ರಿ. ಹಾಂ, ಸರಿ. ಮೊಬೈಲು ಒಳಗಿಡಪ್ಪ, ಬುಟ್ಟಿ ತಗೋ.